ಆಯ್ತು ಅಂದರೆ ಯಾವ ಆಯ್ತು?

ಅಂಕೋಲೆ ಕಡೆಯ ನಮ್ಮ ಹಾರವಾಡದಲ್ಲಿ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು ಅಂದರೆ ಬ್ಯಾಂಕಿನ ಕಾಗದ ಓದಿ ಹೇಳುವವಳು ಎಂದರ್ಥ. ನಾನು ಊರಿಗೆ ಬಂದ ಸುದ್ದಿ ಹೇಗೆ ಹರಡುತ್ತದೋ, ಮರುದಿನ ಚಾ ಕುಡಿಯುವ ಹೊತ್ತಿಗೆ ಜಗಲಿಯ ಮೇಲೆ ಯಾರಾದರೊಬ್ಬರು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಾಗದ ಸುತ್ತಿಕೊಂಡು ಕೂತಿರುತ್ತಾರೆ. ವಿಮೆಯದ್ದು, ಬೋಟಿನ ಸಾಲದ್ದು, ಹೈವೇಗೆ ಹೋದ ಜಾಗದ್ದು. ‘ಎಂಥ ಬರ್ದಿದ್ದಾರೆ ನೋಡೇ ತಂಗಿ’ ಅನ್ನುತ್ತಾರೆ. ಓದಿ ಹೇಳುತ್ತೇನೆ. ‘ಇಷ್ಟು ಓದ್ದವ್ಳು ಮಾಸ್ತರಿಕೆ ಯಾಕೆ ಮಾಡ್ಲಿಲ್ಲ?’ ಎಂದು ಕೇಳಿ ಹೋಗುತ್ತಾರೆ.

ಕಳೆದ ಮಳೆಗಾಲದಲ್ಲಿ ಹಾಗೆ ಬಂದವನು ಪಕ್ಕದ ಮನೆಯ ಹುಡುಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 61 ದಿನ ಇಡೀ ಕರಾವಳಿ ಕೈಕಟ್ಟಿ ಕೂತಿರುತ್ತದೆ. ಆ ಹೊತ್ತಿನಲ್ಲಿಯೇ ಹುಡುಗರಿಗೆ ‘ಇನ್ನು ಬೋಟು ಸಾಕು, ಹಡಗಕ್ಕೆ ಹೋಗುವಾ’ ಅನ್ನಿಸುವುದು. ಇವನೂ ಯಾರೋ ಏಜೆಂಟನಿಗೆ ಫೋನು ಮಾಡಿದ್ದಾನೆ. ಆ ಕಡೆಯಿಂದ ಬಂದ ಕಾಗದದಲ್ಲಿ ಇವನ ಹತ್ತಿರ ಸಿಡಿಸಿ ಇದೆ ಎಂದು ಬರೆದಿದೆ. ಸಿಡಿಸಿ ಅಂದರೆ ನಾವಿಕನ ಸೇವಾ ಪುಸ್ತಕ, ಅದಿಲ್ಲದೆ ಹಡಗು ಹತ್ತುವ ಹಾಗಿಲ್ಲ. ಇವನ ಹತ್ತಿರ ಇರುವುದು ಆಧಾರ್ ಕಾರ್ಡು ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡು.

‘ಫೋನಲ್ಲಿ ಎಂಥ ಕೇಳಿದ್ರು?’

‘ಯೂ ಡೋಂಟ್ ಹ್ಯಾವ್ ಸಿಡಿಸಿ? ಅಂದ್ರು ಅಕ್ಕ.’

‘ನೀ ಎಂಥ ಅಂದೆ?’

‘ಯೆಸ್ ಸರ್ ಅಂದೆ.’

ನನಗೆ ನಗು ತಡೆಯಲಾಗಲಿಲ್ಲ. ಅವನನ್ನು ನೋಡಿ ನಕ್ಕಿದ್ದಲ್ಲ. ಏಳು ವರ್ಷ ಯೂನಿವರ್ಸಿಟಿ, ಹಾಸ್ಟೆಲು, ಗ್ರಂಥಾಲಯ ಎಂದು ಅಲೆದು ನಾನು ಕಲಿತ ವಿದ್ಯೆಯ ಅರ್ಧಭಾಗ ಅವನ ಆ ಒಂದು ‘ಯೆಸ್’ನಲ್ಲಿ ಕೂತಿತ್ತು. ‘ಊಟ ಆಗ್ಲಿಲ್ವಾ?’ ಎಂದು ಕೇಳಿದರೆ ನಾವು ‘ಹೌದು, ಆಗ್ಲಿಲ್ಲ’ ಅನ್ನುತ್ತೇವೆ. ಕೇಳಿದವರ ಊಹೆ ಸರಿ ಎಂದು ಒಪ್ಪುವ ‘ಹೌದು’ ಅದು. ಇಂಗ್ಲಿಷಿನ ‘ಯೆಸ್’ ಕೇಳಿದವರ ಊಹೆಯನ್ನು ನೋಡುವುದಿಲ್ಲ, ಸಂಗತಿಯನ್ನು ನೋಡುತ್ತದೆ. ಇದ್ದರೆ ಯೆಸ್, ಇಲ್ಲದಿದ್ದರೆ ನೋ. ಹುಡುಗ ಕನ್ನಡದಲ್ಲಿ ಸತ್ಯ ಹೇಳಿದ. ಅದು ಇಂಗ್ಲಿಷಿಗೆ ಹೋಗಿ ಸುಳ್ಳಾಯಿತು.

ನಾನು ಕಲಿತ ಅನ್ವಯಿಕ ಭಾಷಾವಿಜ್ಞಾನ ಅಂದರೆ ಏನು ಎಂದು ಕೇಳುವವರಿಗೆ ಇಷ್ಟು ದಿನ ನೆಟ್ಟಗೆ ಉತ್ತರ ಕೊಡಲು ಬರುತ್ತಿರಲಿಲ್ಲ. ಈಗ ಈ ಕತೆ ಹೇಳುತ್ತೇನೆ.

ನಾನು ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಆಗ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಅಲ್ಲಿಂದ. ಅಪ್ಪ ಕಾರವಾರದ ಬೈತಖೋಲ್ ಬಂದರಿನಿಂದ ಸುತ್ತುಬಲೆಯ ಪರ್ಸೀನ್ ಬೋಟಿಗೆ ಹೋಗುವವರು, ಆಯಿ ಬಂಗಡೆ, ತಾರ್ಲೆ ಒಣಗಿಸಿ ಸಂತೆಗೆ ಒಯ್ಯುವವಳು. ಮನೆಯಲ್ಲಿ ಇಂಗ್ಲಿಷ್ ಅಂದರೆ ಔಷಧದ ಬಾಟಲಿಯ ಮೇಲಿನ ಚೀಟಿ. ಆದರೂ ನನಗೆ ಆ ಭಾಷೆಯ ಹುಚ್ಚು. ಯಾಕೆ ಎಂದರೆ ನನ್ನ ಸಣ್ಣ ಮಾವ, ಆಯಿಯ ಕಡೇ ತಮ್ಮ, ಹಡಗಿಗೆ ಹೋಗುತ್ತಿದ್ದ. ಒಂಬತ್ತು ತಿಂಗಳಿಗೊಮ್ಮೆ ಬರುವಾಗ ಚಾಕಲೇಟಿನ ಜೊತೆ ನನಗೆ ಅರ್ಥವಾಗದ ಮಾತುಗಳನ್ನೂ ತರುತ್ತಿದ್ದ. ಸೈನ್ ಆಫ್, ಸ್ಟ್ಯಾಂಡ್ ಬೈ, ಮಿಡ್‌ಶಿಪ್ಸ್. ಅಂಗಳದಲ್ಲಿ ಸೈಕಲ್ ಕಲಿಸುವಾಗ ಹ್ಯಾಂಡಲ್ ಅತ್ತಿತ್ತ ಹೋದರೆ ‘ಮಿಡ್‌ಶಿಪ್ಸ್! ಮಿಡ್‌ಶಿಪ್ಸ್!’ ಎಂದು ಕೂಗುತ್ತಿದ್ದ. ಹ್ಯಾಂಡಲ್ ನೆಟ್ಟಗೆ ಮಾಡು ಎಂದು ಅರ್ಥ ಎಂದು ಬಿದ್ದು ಬಿದ್ದು ಕಲಿತೆ.

ಡಿಗ್ರಿಯಲ್ಲಿ ಇಂಗ್ಲಿಷ್ ತೆಗೆದುಕೊಂಡೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಎರಡನೇ ವರ್ಷ ಒಂದು ಸೆಮಿನಾರಿನಲ್ಲಿ ನಾನು ಓದಿದ್ದು ಅರ್ಧ ಪುಟ. ಅದರಲ್ಲಿ ‘ಓನ್ಲಿ’ ಎಂಬ ಪದ ಎರಡು ಸಲ, ‘ಎಂಪ್ಟಿ’ ಒಂದು ಸಲ ಬಂದಿತ್ತು. ನನ್ನ ಬಾಯಲ್ಲಿ ಅವು ‘ವೋನ್ಲಿ’, ‘ಯೆಂಪ್ಟಿ’ ಆಗಿದ್ದವು. ಪಾಠ ಮಾಡುತ್ತಿದ್ದವರು ನನ್ನನ್ನು ನಿಲ್ಲಿಸಿ, ಮೂರು ಸಲ ಅದೇ ಪದ ಹೇಳಿಸಿ, ಕ್ಲಾಸಿನ ಕಡೆ ತಿರುಗಿ ಹುಬ್ಬು ಹಾರಿಸಿದರು. ಕ್ಲಾಸು ನಕ್ಕಿತು. ಹಾಗೆ ನಕ್ಕವರಲ್ಲಿ ಮುಕ್ಕಾಲು ಜನ ‘ವೋನ್ಲಿ’ ಅನ್ನುವವರೇ. ಆವತ್ತಿನಿಂದ ಡಿಗ್ರಿ ಮುಗಿಯುವವರೆಗೂ ನಾನು ಬಾಯಿ ತೆರೆದು ಇಂಗ್ಲಿಷ್ ಮಾತಾಡಲಿಲ್ಲ. ಬರೆದೆ, ಮಾರ್ಕ್ಸ್ ತೆಗೆದೆ, ಅಷ್ಟೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಯೂನಿವರ್ಸಿಟಿ ಅಂದರೆ ಧಾರವಾಡ. ಅಂಕೋಲೆಯಲ್ಲಿ ಬಸ್ಸು ಹತ್ತಿದರೆ ಅರಬೈಲ್ ಘಟ್ಟದಲ್ಲಿ ಹೊಟ್ಟೆ ತೊಳಸಿ, ಯಲ್ಲಾಪುರದಲ್ಲಿ ಚಾ ಕುಡಿದು, ಕಲಘಟಗಿ ದಾಟುವ ಹೊತ್ತಿಗೆ ಗಾಳಿಯೇ ಬೇರೆಯಾಗಿರುತ್ತದೆ, ಒಣ ಗಾಳಿ. ಅಲ್ಲಿ ಎರಡು ವರ್ಷ ಕಾವ್ಯ, ನಾಟಕ, ವಿಮರ್ಶೆ. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಗೆಳತಿಯರೆಲ್ಲ ಗೈಡು ಉರುಹೊಡೆದು ದಾಟಿದ ಭಾಷಾವಿಜ್ಞಾನದ ಪೇಪರೊಂದೇ ನನ್ನನ್ನು ಹಿಡಿದು ಕೂರಿಸಿತು. ಪುಸ್ತಕದಲ್ಲಿ ಒಂದು ಪ್ರಯೋಗ ಇತ್ತು. ಬಾಯಿಯ ಮುಂದೆ ತೆಳುವಾದ ಕಾಗದ ಹಿಡಿದು ಇಂಗ್ಲಿಷರ ಹಾಗೆ ‘ಪಿನ್’ ಅನ್ನಬೇಕು, ಆಮೇಲೆ ‘ಸ್ಪಿನ್’ ಅನ್ನಬೇಕು. ಮೊದಲನೆಯದರಲ್ಲಿ ಕಾಗದ ಅಲುಗುತ್ತದೆ, ಎರಡನೆಯದರಲ್ಲಿ ಇಲ್ಲ. ಪದದ ಮೊದಲಿಗೆ ಬಂದಾಗ ಅವರ ಪಕಾರ ನಮ್ಮ ಮಹಾಪ್ರಾಣದ ಹತ್ತಿರ, ಸಕಾರದ ಬೆನ್ನಿಗೆ ಬಂದಾಗ ಅಲ್ಪಪ್ರಾಣ. ಅವರ ಕಿವಿಗೆ ಎರಡೂ ಒಂದೇ. ನಮ್ಮ ಕಾಗುಣಿತದಲ್ಲಿ ಎರಡಕ್ಕೂ ಬೇರೆ ಬೇರೆ ಮನೆ. (ಮಾತಿನಲ್ಲಿ ನಾವು ಮಹಾಪ್ರಾಣಕ್ಕೆ ಎಷ್ಟು ಉಸಿರು ಖರ್ಚು ಮಾಡುತ್ತೇವೆ ಎಂಬುದನ್ನು ಕೇಳಬೇಡಿ.) ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಪೇಡೆಯ ಡಬ್ಬಿಯೊಳಗಿನ ಕಾಗದ ಹಿಡಿದು ಪಿನ್, ಸ್ಪಿನ್ ಅನ್ನುತ್ತಾ ಕೂತಿದ್ದ ನನ್ನನ್ನು ನೋಡಿ ರೂಮ್‌ಮೇಟು ದೃಷ್ಟಿ ತೆಗೆಯಬೇಕು ಅಂದಿದ್ದಳು.

ಅಲ್ಲಿಂದ ಹೈದರಾಬಾದು. 1958ರಲ್ಲಿ ಇಂಗ್ಲಿಷ್ ಕಲಿಸುವವರನ್ನು ತಯಾರು ಮಾಡಲೆಂದೇ ಅಲ್ಲಿ ಒಂದು ಕೇಂದ್ರ ಸಂಸ್ಥೆ ಶುರುವಾಯಿತು. 1972ರಲ್ಲಿ ಅದರ ಹೆಸರಿಗೆ ವಿದೇಶಿ ಭಾಷೆಗಳೂ ಸೇರಿ ಸೀಫೆಲ್ ಆಯಿತು. 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಗಿ ಈಗ ಇಫ್ಲು ಎಂದು ಕರೆಸಿಕೊಳ್ಳುತ್ತದೆ. ಹಳೆಯ ಮಾಸ್ತರರ ಬಾಯಲ್ಲಿ ಇವತ್ತಿಗೂ ಸೀಫೆಲ್ಲೇ. ನಾನು ಸೇರಿದ್ದು ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಡಿಪ್ಲೊಮಾಕ್ಕೆ.

ಧ್ವನಿವಿಜ್ಞಾನದ ಮೊದಲ ವಾರ. ಮೇಡಂ ಎಲ್ಲರಿಗೂ ಒಂದೇ ಇಂಗ್ಲಿಷ್ ಪ್ಯಾರಾ ಓದಲು ಹೇಳಿದರು. ಯಾರ ಹೆಸರನ್ನೂ ಕೇಳದೆ, ಓದಿದ್ದನ್ನು ಕೇಳಿಯೇ ನೀನು ಬಂಗಾಳಿ, ನೀನು ತಮಿಳು, ನೀನು ಮಲಯಾಳಿ ಎಂದು ಹೇಳುತ್ತಾ ಬಂದರು. ನನ್ನ ಸರದಿ ಬಂದಾಗ ಕೈಕಾಲು ತಣ್ಣಗಾಗಿತ್ತು. ‘ಕನ್ನಡ?’ ಅಂದರು. ಹೌದೆಂದೆ. ನಿಮ್ಮ ಭಾಷೆಯಲ್ಲಿ ಎಲೆಗೆ ಏನನ್ನುತ್ತೀರಿ, ಒಲೆಗೆ ಏನನ್ನುತ್ತೀರಿ ಎಂದು ಕೇಳಿದರು. ಹೇಳಿದೆ. ‘ಇನ್ನೊಂದು ಸಲ ಹೇಳಿ, ಮೊದಲ ಅಕ್ಷರವನ್ನು ನೀವೇ ಕೇಳಿಸಿಕೊಳ್ಳಿ.’

ಎಲೆ. ಒಲೆ. ಯೆಲೆ. ವೊಲೆ!

ಕನ್ನಡದಲ್ಲಿ ಪದದ ಮೊದಲಿಗೆ ಎಕಾರ ಬಂದರೆ ಅದರ ಮುಂದೆ ತೆಳುವಾದ ಯಕಾರ, ಒಕಾರ ಬಂದರೆ ತೆಳುವಾದ ವಕಾರ ತಾನಾಗಿ ಬಂದು ಕೂರುತ್ತದೆ. ಬರೆಯುವುದಿಲ್ಲ, ಆದ್ದರಿಂದ ನಮಗೆ ಗೊತ್ತಾಗುವುದೂ ಇಲ್ಲ. ಒಂದು ಎಂದು ಬರೆದು ವೊಂದು ಅನ್ನುತ್ತೇವೆ. ಡಿಗ್ರಿ ಕಾಲೇಜಿನ ಆ ಮಧ್ಯಾಹ್ನ ನಾನು ಕನ್ನಡದ ನಿಯಮವೊಂದನ್ನು ಚಾಚೂ ತಪ್ಪದೆ ಪಾಲಿಸಿದ್ದೆ, ಪಾಲಿಸಿದ ಜಾಗ ಮಾತ್ರ ಇಂಗ್ಲಿಷು. ಅಷ್ಟು ಹೇಳುವವರು ಒಬ್ಬರು ಅಲ್ಲಿ ಇದ್ದಿದ್ದರೆ! ಆವತ್ತು ಕ್ಲಾಸು ಬಿಟ್ಟ ಮೇಲೆ ತಾರ್ನಾಕದ ಗದ್ದಲದ ರಸ್ತೆಯಲ್ಲಿ ಒಬ್ಬಳೇ ‘ಓನ್ಲಿ, ಓನ್ಲಿ’ ಎಂದು ಹೇಳಿಕೊಳ್ಳುತ್ತಾ ನಡೆದದ್ದು ನೆನಪಿದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ, ನೋಡಿದವರು ಹೇಳಬೇಕು.

ಆಮೇಲೆ ಓದಿದ ಪಾಠಗಳೆಲ್ಲ ಇದಕ್ಕೇ ಬಂದು ಸೇರುತ್ತಿದ್ದವು. ಪಿಟ್ ಕಾರ್ಡರ್ ಎಂಬ ವಿದ್ವಾಂಸ 1967ರಲ್ಲಿ ಒಂದು ಲೇಖನ ಬರೆದ. ಕಲಿಯುವವನ ತಪ್ಪುಗಳು ಕಸವಲ್ಲ, ಅವನು ಎಲ್ಲಿಗೆ ಬಂದು ಮುಟ್ಟಿದ್ದಾನೆ ಎಂದು ತೋರಿಸುವ ಗುರುತುಗಳು ಎಂಬುದು ಅದರ ಸಾರ. ಬಾಯಿತಪ್ಪಿ ಆಡುವ ತಪ್ಪು ಬೇರೆ, ನಿಯಮ ಇಟ್ಟುಕೊಂಡೇ ಆಡುವ ತಪ್ಪು ಬೇರೆ ಎಂದೂ ಅವನು ವಿಂಗಡಿಸಿದ. ಐದು ವರ್ಷದ ನಂತರ ಸೆಲಿಂಕರ್ ಎಂಬವನು ಆ ನಡುವಿನ ಸ್ಥಿತಿಗೇ ಒಂದು ಹೆಸರು ಕೊಟ್ಟ. ಮಾತೃಭಾಷೆಯೂ ಅಲ್ಲದ, ಕಲಿಯುವ ಭಾಷೆಯೂ ಅಲ್ಲದ, ತನ್ನದೇ ವ್ಯಾಕರಣ ಇರುವ ಮಧ್ಯಭಾಷೆ. ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕೋಡಿಬಾಗದ ಅಳಿವೆ. ಕಾಳಿ ಹೊಳೆ ಕಡಲು ಸೇರುವ ಅಲ್ಲಿನ ನೀರು ಸಿಹಿಯೂ ಅಲ್ಲ, ಪೂರಾ ಉಪ್ಪೂ ಅಲ್ಲ. ಆದರೆ ಅಲ್ಲಿ ಬದುಕುವ ಮೀನಿಗೆ, ಏಡಿಗೆ, ಅದು ಕೆಟ್ಟ ನೀರಲ್ಲ.

ಇನ್ನೊಂದು ನಾಚಿಕೆಯ ಸಂಗತಿ. 1979ರಿಂದ 1984ರವರೆಗೆ ಬೆಂಗಳೂರು ಮತ್ತು ಮದರಾಸಿನ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಎನ್.ಎಸ್. ಪ್ರಭು ಎಂಬವರು ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠ ಬದಿಗಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ, ಲೆಕ್ಕ ಇಂಥವನ್ನು ಮಕ್ಕಳ ಮುಂದಿಟ್ಟು ‘ಇದನ್ನು ಬಿಡಿಸು’ ಎಂದರೆ, ಬಿಡಿಸುವ ಗಡಿಬಿಡಿಯಲ್ಲಿ ಭಾಷೆ ತಾನಾಗಿ ಬರುತ್ತದೆಯೇ ಎಂದು ನೋಡುವ ಪ್ರಯೋಗ. ಭಾಷೆ ಕಲಿಸುವವರ ಲೋಕದಲ್ಲಿ ಅದರ ಹೆಸರೇ ಬ್ಯಾಂಗಲೋರ್ ಪ್ರಾಜೆಕ್ಟ್. ನಮ್ಮ ರಾಜಧಾನಿಯ ಹೆಸರು ಹೊತ್ತ ಆ ಪ್ರಯೋಗವನ್ನು ನಾನು ಹೈದರಾಬಾದಿನ ಗ್ರಂಥಾಲಯದಲ್ಲಿ ಕಂಡುಕೊಳ್ಳಬೇಕಾಯಿತು.

ಕೊನೆಗೆ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ನಿರ್ದಿಷ್ಟ ಕೆಲಸಕ್ಕೆ ಬೇಕಾದ ಇಂಗ್ಲಿಷು ಎಂಬ ಶಾಖೆಯೇ ಒಂದಿದೆ. ಅದರ ಮೊದಲ ಪಾಠ ಎಂದರೆ ಪುಸ್ತಕ ತೆರೆಯುವ ಮುಂಚೆ, ಇವನು ಈ ಭಾಷೆ ಇಟ್ಟುಕೊಂಡು ಎಲ್ಲಿ, ಯಾರ ಹತ್ತಿರ, ಏನು ಮಾಡಬೇಕು ಎಂದು ಹೋಗಿ ನೋಡು. ಸಹಪಾಠಿಗಳು ಕಾಲ್‌ಸೆಂಟರು, ಆಸ್ಪತ್ರೆ ಆರಿಸಿಕೊಂಡರು. ನನ್ನ ಮಾವ ಆಗಷ್ಟೇ ಸೈನ್ ಆಫ್ ಆಗಿ ಊರಿಗೆ ಬಂದಿದ್ದ.

‘ನಂಗೆ ಎಲ್ಲಿಯ ಇಂಗ್ಲಿಷೇ? ಹಡಗದ ಇಂಗ್ಲಿಷ್ ಬತ್ತದೆ, ಅಷ್ಟೇ’ ಅಂದ. ಮೊಬೈಲಿನ ರೆಕಾರ್ಡರ್ ಹಾಕಿ ಜಗಲಿಯಲ್ಲಿ ಕೂತೆ. ಅವನ ಹಡಗಿನ ಕ್ಯಾಪ್ಟನ್ ಗ್ರೀಸಿನವನು, ಚೀಫ್ ಆಫೀಸರ್ ಉಕ್ರೇನಿನವನು, ಅಡುಗೆಯವನು ಫಿಲಿಪೀನ್ಸಿನವನು. ಇಂಗ್ಲಿಷ್ ಮಾತೃಭಾಷೆಯಾಗಿದ್ದ ಒಬ್ಬನೇ ಒಬ್ಬ ಇಡೀ ಹಡಗಿನಲ್ಲಿ ಇರಲಿಲ್ಲ. ಆದರೂ ಒಂಬತ್ತು ತಿಂಗಳು ಹಡಗು ನಡೆದದ್ದು ಇಂಗ್ಲಿಷಿನಲ್ಲಿಯೇ. ಎಲ್ಲರ ಇಂಗ್ಲಿಷೂ ಅಳಿವೆಯ ನೀರು!

ಹಡಗಿನ ಇಂಗ್ಲಿಷಿಗೆ ಪುಸ್ತಕವೇ ಇದೆ ಎಂದು ನನಗೆ ಆಗಲೇ ಗೊತ್ತಾದದ್ದು. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಒಪ್ಪಿಕೊಂಡ ನುಡಿಗಟ್ಟುಗಳ ಸಂಗ್ರಹ. ಹಡಗಿನವರು ಎಸ್‌ಎಂಸಿಪಿ ಅನ್ನುತ್ತಾರೆ. ಅದನ್ನು ಓದುತ್ತಾ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಯಾರು ಬರೆದರೋ, ನಮ್ಮ ಹಾರವಾಡದ ಜಗಲಿಯಲ್ಲಿ ಕೂತು ನಮ್ಮ ಮಾತು ಕೇಳಿಸಿಕೊಂಡೇ ಬರೆದ ಹಾಗಿದೆ.

ಹೌದು ಇಲ್ಲಗಳ ಸಂಗತಿಯನ್ನೇ ನೋಡಿ. ಉತ್ತರಿಸುವಾಗ ಬರೀ ಯೆಸ್ ಅಥವಾ ನೋ ಅಂದರೆ ಸಾಲದು, ಅದರ ಬೆನ್ನಿಗೆ ಪೂರ್ತಿ ವಾಕ್ಯ ಹೇಳಬೇಕು ಎಂಬ ನಿಯಮ ಅಲ್ಲಿದೆ. ‘ನೋ, ಐ ಡು ನಾಟ್ ಹ್ಯಾವ್ ಸಿಡಿಸಿ’ ಅಂದಿದ್ದರೆ ಪಕ್ಕದ ಮನೆಯ ಹುಡುಗನಿಗೆ ಆ ಕಾಗದವೇ ಬರುತ್ತಿರಲಿಲ್ಲ. ಬಾಯಿಂದ ಯೆಸ್ ಜಾರಿದರೂ ಹಿಂದಿನ ವಾಕ್ಯ ಕಾಪಾಡುತ್ತಿತ್ತು. ಅಂಕಿಗಳದ್ದೂ ಹಾಗೆ. ಫಿಫ್ಟೀನ್, ಫಿಫ್ಟಿ ಎರಡನ್ನೂ ಇಂಗ್ಲಿಷರು ಒತ್ತು ಬೀಳುವ ಜಾಗದಿಂದ ಬೇರೆ ಮಾಡುತ್ತಾರೆ. ನಮ್ಮ ಭಾಷೆಯಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಬಾಯಲ್ಲಿ ಅವು ಅವಳಿ ಮಕ್ಕಳು. ಗಾಳಿಯಲ್ಲಿ, ಎಂಜಿನ್ನಿನ ಸದ್ದಿನಲ್ಲಿ, ವಿಎಚ್‌ಎಫ್ ರೇಡಿಯೋ ಸೆಟ್ಟಿನ ಕರಕರದಲ್ಲಿ ಕೇಳಬೇಕಲ್ಲ? ಅದಕ್ಕೆ ಬಿಡಿಬಿಡಿಯಾಗಿ ವನ್ ಫೈವ್, ಫೈವ್ ಜೀರೋ ಅನ್ನಬೇಕು. ಸುಕ್ಕಾಣಿಯ ಕೋನಕ್ಕೆ ಮಾತ್ರ ರಿಯಾಯಿತಿ, ಅಲ್ಲಿ ಫಿಫ್ಟೀನ್ ಎಂದೇ ಹೇಳಬೇಕು. ಇದೇನು ವಿಚಿತ್ರ ಎಂದು ಮಾವನ ಹತ್ತಿರ ಕೇಳಿದರೆ, ‘ರಡ್ಡರ್ ಐವತ್ತು ಡಿಗ್ರಿ ಎಲ್ಲಿ ತಿರುಗ್ತದೆ? ಮೂವತ್ತೈದಕ್ಕೆ ಮುಗೀತು. ಗೊಂದಲ ಆಗೂಕೆ ಜಾಗನೇ ಇಲ್ಲ’ ಅಂದ. ಸಂದರ್ಭ ಅರ್ಥವನ್ನು ಕಾಯುತ್ತದೆ ಎಂದು ನಾವು ಒಂದು ಸೆಮಿಸ್ಟರ್ ಇಡೀ ಓದಿದ್ದೆವು.

ಮತ್ತೆ ‘ಮೇ’. ‘ಮೇ ಐ ಎಂಟರ್?’ ಎಂದರೆ ಅನುಮತಿ ಕೇಳಿದ್ದೋ, ಬರಬಹುದೇನೋ ಎಂಬ ಸಂಭವ ಹೇಳಿದ್ದೋ? ಮೇ, ಮೈಟ್, ಶುಡ್, ಕುಡ್, ಕ್ಯಾನ್ ಇವೆಲ್ಲ ಎರಡು ಅರ್ಥಕ್ಕೆ ಜಾರುವ ಪದಗಳು, ಇವುಗಳಿಂದ ಅಪಘಾತಗಳು ಆಗಿವೆ, ದೂರವಿಡಿ ಎನ್ನುತ್ತದೆ ಆ ಪುಸ್ತಕ. ಮಾತಿಗೆ ಮೊದಲು ಇದು ಪ್ರಶ್ನೆಯೋ, ಎಚ್ಚರಿಕೆಯೋ, ವಿನಂತಿಯೋ ಎಂದು ಗುರುತು ಹೇಳುವ ಎಂಟು ಪದಗಳನ್ನೂ ಕೊಟ್ಟಿದ್ದಾರೆ. ‘ಕ್ವೆಶ್ಚನ್’ ಎಂದು ಹೇಳಿ, ಆಮೇಲೆ ಪ್ರಶ್ನೆ ಕೇಳಬೇಕು. ಶಾಲೆಯಲ್ಲಿ ನಮಗೆ ವಿನಯ ಎಂದು ಕಲಿಸಿದ ‘ಮೇ ಐ ಕಮಿನ್ ಸರ್’ ಕಡಲಿನಲ್ಲಿ ಅಪಾಯದ ಮಾತು. ಈ ಒಂದು ಸಂಗತಿ ನನ್ನ ತಲೆಯಲ್ಲಿದ್ದ ‘ಒಳ್ಳೆಯ ಇಂಗ್ಲಿಷ್’ ಎಂಬ ವಿಗ್ರಹವನ್ನು ಬುಡ ಸಮೇತ ಅಲುಗಾಡಿಸಿತು. ಒಳ್ಳೆಯದು ಸರಿ, ಆದರೆ ಯಾರಿಗೆ, ಎಲ್ಲಿ?

ಬಲಕ್ಕೆ ಇಪ್ಪತ್ತು ಡಿಗ್ರಿ ತಿರುಗಿಸು ಎಂದು ಸುಕ್ಕಾಣಿ ಹಿಡಿದವನಿಗೆ ಆಫೀಸರ್ ‘ಸ್ಟಾರ್‌ಬೋರ್ಡ್ ಟ್ವೆಂಟಿ’ ಅಂದರೆ ಅವನು ‘ಓಕೆ’ ಅನ್ನುವ ಹಾಗಿಲ್ಲ. ಅದೇ ಮಾತನ್ನು ತಿರುಗಿ ಹೇಳಬೇಕು. ತಿರುಗಿಸಿದ ಮೇಲೆ ಆಯಿತು ಎಂದು ಮತ್ತೊಮ್ಮೆ ವರದಿ ಕೊಡಬೇಕು. ಇದನ್ನು ಓದುವಾಗ ಅಪ್ಪ ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದರು. ನಾನು ವಿವರಿಸಿದೆ. ‘ನಮ್ಮ ತಾಂಡೇಲನೂ ಹಂಗೇ. ಅಂವ ಹೇಳಿದ್ದು ನಾವು ತಿರುಗಿ ಕೂಗದಿದ್ರೆ ಬೈತ’ ಅಂದರು. ತಾಂಡೇಲ ಅಂದರೆ ಬೋಟಿನ ಮುಖ್ಯಸ್ಥ. ಸಾರಂಗ, ತಾಂಡೇಲ, ಸುಕ್ಕಾಣಿ, ಖಲಾಸಿ, ಇವೆಲ್ಲ ಹಾಯಿ ಹಡಗುಗಳ ಕಾಲದಿಂದ ಹಿಂದೂ ಮಹಾಸಾಗರದ ನಾವಿಕರ ಬಾಯಲ್ಲಿ ಓಡಾಡಿದ ಪದಗಳು. ಆ ನಾವಿಕರ ಮಿಶ್ರಭಾಷೆಗೆ ಥಾಮಸ್ ರೋಬಕ್ ಎಂಬ ಬ್ರಿಟಿಷ್ ಅಧಿಕಾರಿ 1811ರಲ್ಲಿ ಕಲ್ಕತ್ತೆಯಲ್ಲಿ ನಿಘಂಟನ್ನೇ ಅಚ್ಚು ಹಾಕಿಸಿದ್ದ. ಆಗ ಇಂಗ್ಲಿಷ್ ಆಫೀಸರುಗಳು ನಮ್ಮವರ ಮಾತು ಕಲಿಯಬೇಕಿತ್ತು. ಕಾಲ ಹೇಗೆ ತಿರುಗಿತು ನೋಡಿ, ಮಿಡ್‌ಶಿಪ್ಸ್ ಅನ್ನದೆ!

ಈಗ ಹೊಟ್ಟೆಪಾಡಿನ ಮಾತು. ಪದವಿ ಮುಗಿಸಿ ಬಂದ ಮೇಲೆ ಎರಡು ವರ್ಷ ಅತಿಥಿ ಉಪನ್ಯಾಸಕಿ. ಆಮೇಲೆ ನಗರವೊಂದರ ಒಂದು ಸಂಸ್ಥೆ ‘30 ದಿನಗಳಲ್ಲಿ ನಿರರ್ಗಳ ಇಂಗ್ಲಿಷ್’ ಎಂಬ ಬೋರ್ಡಿನ ಕೆಳಗೆ ನನ್ನನ್ನು ಕೂರಿಸಿತು. ನರ್ಸಿಗೂ, ಸೇಲ್ಸ್ ಹುಡುಗನಿಗೂ, ಹೊಸ ಸೊಸೆಗೂ ಒಂದೇ ಪುಸ್ತಕ, ಒಂದೇ ‘ಹೌ ಡು ಯು ಡು’. ಯಾರಿಗೆ ಯಾವುದಕ್ಕೆ ಬೇಕು ಎಂದು ಕೇಳಿ ಬೇರೆ ಬೇರೆ ಮಾಡುವಾ ಅಂದರೆ, ಅದಕ್ಕೆಲ್ಲ ಸಮಯ ಇಲ್ಲ, ಕೋಟು ಹಾಕಿಕೊಂಡು ಬನ್ನಿ ಅಂದರು. ಮೇ ತಿಂಗಳ ಸೆಕೆಯಲ್ಲಿ ಕೋಟು! ನಾಲ್ಕು ತಿಂಗಳಿಗೆ ಬಿಟ್ಟೆ.

ಈಗ ಮಾಡುವ ಕೆಲಸಕ್ಕೆ ಒಂದು ಹೆಸರಿಲ್ಲ, ಅದೇ ಆಯಿಗೆ ಚಿಂತೆ. ವಾರದಲ್ಲಿ ಮೂರು ದಿನ ಕಾಳಿ ಸೇತುವೆ ದಾಟಿ ಗೋವಾ ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ಹಡಗಿಗೆ ಹೋಗುವ ಹುಡುಗರಿಗೆ ಪಾಠ. ಉಳಿದ ದಿನ ಮನೆಯಿಂದಲೇ ಪಾಠದ ಸಾಮಗ್ರಿ ಬರೆಯುವುದು, ಪರೀಕ್ಷೆಗೆ ಪ್ರಶ್ನೆ ತಯಾರು ಮಾಡುವುದು. ಈ ಪ್ರಶ್ನೆ ತಯಾರಿಕೆ ಇದೆಯಲ್ಲ, ಹೊರಗಿನವರಿಗೆ ಮಕ್ಕಳಾಟ ಅನ್ನಿಸುತ್ತದೆ. ನಾಲ್ಕು ಉತ್ತರಗಳಲ್ಲಿ ಮೂರು ತಪ್ಪು ಉತ್ತರ ಬರೆಯುವುದೇ ಕಷ್ಟ. ತಪ್ಪು ಉತ್ತರ ಗೊತ್ತಿಲ್ಲದವನನ್ನು ಸೆಳೆಯಬೇಕು, ಗೊತ್ತಿದ್ದವನನ್ನು ಸೆಳೆಯಬಾರದು. ಸರಿಯುತ್ತರ ಉಳಿದವಕ್ಕಿಂತ ಉದ್ದವಿದ್ದರೆ ಜಾಣ ಹುಡುಗ ಪ್ರಶ್ನೆ ಓದದೆಯೇ ಅದನ್ನು ಹೊಡೆಯುತ್ತಾನೆ. ಒಂದು ಪ್ರಶ್ನೆಯ ಹಿಂದೆ ಒಂದು ಮಧ್ಯಾಹ್ನ ಹೋಗುತ್ತದೆ. ಇನ್ನು ವಿದೇಶಕ್ಕೆ ಹೋಗುವ ಮಕ್ಕಳು ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಪರೀಕ್ಷೆ ಐಇಎಲ್‌ಟಿಎಸ್ ಎಂದು ಬರುತ್ತಾರೆ. ಅದರ ಮಾತಿನ ಪರೀಕ್ಷೆ 11ರಿಂದ 14 ನಿಮಿಷ, ಅಷ್ಟರಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಳತೆಯಲ್ಲಿ ಒಂದು ಅಂಕಿ. ಹದಿನಾಲ್ಕು ನಿಮಿಷದಲ್ಲಿ ಅಳೆದದ್ದು ಭಾಷೆಯನ್ನೋ ಧೈರ್ಯವನ್ನೋ ಎಂದು ನನಗೆ ಇವತ್ತಿಗೂ ಅನುಮಾನ ಇದೆ. ಪಾಠ ಮಾತ್ರ ಶ್ರದ್ಧೆಯಿಂದ ಮಾಡುತ್ತೇನೆ, ಫೀಸು ತೆಗೆದುಕೊಂಡಿರುತ್ತೇನಲ್ಲ.

ಹಣ? ಬೋಟಿನ ಹಾಗೆ. ಬಿದ್ದ ದಿನ ಬಲೆ ತುಂಬ, ಇಲ್ಲದ ದಿನ ಡೀಸೆಲ್ಲಿನ ಖರ್ಚೂ ಹುಟ್ಟುವುದಿಲ್ಲ. ನನಗೂ ಒಂದು ನಿಷೇಧದ ಕಾಲ ಇದೆ, ಏಪ್ರಿಲ್ ಮತ್ತು ಮೇ.

ಶಿರಸಿ, ಕುಮಟಾ, ಹೊನ್ನಾವರದ ಕಡೆಯಿಂದ ಹುಡುಗಿಯರು ಆಗಾಗ ಕೇಳುತ್ತಾರೆ, ಅಕ್ಕ ಯಾವುದು ತೆಗೆದುಕೊಳ್ಳಲಿ ಎಂದು. ನಾನು ಹೇಳುವುದು ಎರಡೇ. ಕಾಲೇಜಿನ ಕೆಲಸವೇ ಬೇಕು ಎಂದಿದ್ದರೆ ಮೊದಲೇ ಲೆಕ್ಕ ಹಾಕಿ. ಉಪನ್ಯಾಸಕರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲಿ ಇಂಗ್ಲಿಷೂ ಭಾಷಾವಿಜ್ಞಾನವೂ ಬೇರೆ ಬೇರೆ ವಿಷಯಗಳು, ನಿಮ್ಮ ಎಂ.ಎ. ಸರ್ಟಿಫಿಕೇಟಿನ ಮೇಲೆ ಯಾವ ಹೆಸರು ಅಚ್ಚಾಗಿದೆ ಎಂಬುದು ಆಮೇಲೆ ದೊಡ್ಡ ಸಂಗತಿಯಾಗುತ್ತದೆ. ಮತ್ತೊಂದು, ಸುತ್ತಲಿನ ಕಿವಿಗಳನ್ನು ಬಿಟ್ಟು ಹೋಗಬೇಡಿ. ನಮ್ಮ ಜಿಲ್ಲೆಯಲ್ಲಿ ಒಂದು ಬಸ್ಸಿನಲ್ಲಿ ಕೂತರೆ ಕೊಂಕಣಿ, ಹಾಲಕ್ಕಿಗಳ ಕನ್ನಡ, ಹವಿಗನ್ನಡ, ಭಟ್ಕಳದ ನವಾಯತಿ, ಜೋಯಿಡಾ ಕಡೆಯ ಮರಾಠಿ ಎಲ್ಲ ಒಂದೇ ಟಿಕೆಟ್ಟಿಗೆ ಸಿಗುತ್ತವೆ. ಹೈದರಾಬಾದಿನಲ್ಲಿ ನನ್ನ ಜೊತೆಯವರು ಕೈಯಲ್ಲಿ ರೆಕಾರ್ಡರ್ ಹಿಡಿದು ಇಂಥ ಬಸ್ಸನ್ನೇ ಹುಡುಕುತ್ತಿದ್ದರು.

ಪಕ್ಕದ ಮನೆಯ ಹುಡುಗನ ಕತೆ ಮುಗಿಸಬೇಕಲ್ಲ. ಆ ಏಜೆಂಟನ ಕಾಗದವನ್ನು ಬದಿಗಿಟ್ಟು, ಮಾವನಿಗೆ ಫೋನು ಹಚ್ಚಿದೆ. ಸರಿಯಾದ ದಾರಿ ಎಂದರೆ ಮಾನ್ಯತೆ ಇರುವ ಕಡೆ ಹಡಗಿನ ಸಾಮಾನ್ಯ ನಾವಿಕರಿಗೆಂದು ಇರುವ ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸು, ಆಮೇಲೆ ಸಿಡಿಸಿ. ಯಾರಿಗೂ ಮುಂಗಡ ಕೊಡಬೇಡ ಅಂದ ಮಾವ. ಆ ಮಳೆಗಾಲ ಪೂರ್ತಿ ಹುಡುಗ ಸಂಜೆ ನಮ್ಮ ಜಗಲಿಗೆ ಬಂದ. ಸೈಕಲ್ಲಿನ ಹಳೆಯ ಚಕ್ರವೊಂದನ್ನು ಕಂಬಕ್ಕೆ ಕಟ್ಟಿ ಸುಕ್ಕಾಣಿ ಮಾಡಿದೆವು. ನಾನು ಪೋರ್ಟ್ ಟೆನ್ (ಎಡಕ್ಕೆ ಹತ್ತು) ಅನ್ನುವುದು, ಅವನು ಪೋರ್ಟ್ ಟೆನ್ ಎಂದು ತಿರುಗಿ ಕೂಗಿ, ಚಕ್ರ ತಿರುಗಿಸಿ, ವೀಲ್ ಪೋರ್ಟ್ ಟೆನ್ ಅನ್ನುವುದು. ‘ಯೆಂಜಿನ್’ ಅನ್ನುತ್ತಿದ್ದ. ತಿದ್ದಲಿಲ್ಲ. ಅದರಿಂದ ಯಾವ ಹಡಗೂ ಮುಳುಗುವುದಿಲ್ಲ. ಆದರೆ ‘ಓಕೆ’ ಅಂದ ದಿನ ಮಾತ್ರ ಬಿಡಲಿಲ್ಲ. ‘ಯಾವ ಓಕೆ? ಕೇಳ್ತು ಅಂತಲಾ, ಮಾಡ್ತೆ ಅಂತಲಾ, ಮಾಡಿ ಮುಗೀತು ಅಂತಲಾ?’ ಎಂದು ಇಪ್ಪತ್ತು ಸಲವಾದರೂ ಕೂಗಿರಬೇಕು. ನಮ್ಮ ‘ಆಯ್ತು’ವಿನ ಕತೆಯೂ ಅದೇ. ಚಾ ಮಾಡೇ ಅಂದರೂ ಆಯ್ತು, ಚಾ ಆಯ್ತಾ ಅಂದರೂ ಆಯ್ತು, ಬಾಯಿ ಮುಚ್ಚು ಅನ್ನುವುದಕ್ಕೂ ಆಯ್ತು ಆಯ್ತು.

ಆಯಿ ಒಳಗೆ ಮೀನು ಹೆಚ್ಚುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಮೊನ್ನೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಯಾವುದೋ ತಪ್ಪು ಉತ್ತರ ಹೊಸೆಯುತ್ತಿದ್ದೆ.

‘ಒಲೆ ಮೇಲೆ ಸಾರು ಇಟ್ಟಿದ್ದೆ, ಉಕ್ಕಿದ್ರೆ ಇಳ್ಸೇ’ ಎಂದು ಹೇಳಿ ಆಯಿ ಬಾವಿಗೆ ಹೊರಟಳು.

‘ಆಯ್ತು’ ಅಂದೆ, ತಲೆ ಎತ್ತದೆ.

ಕೊಡ ಸೊಂಟದ ಮೇಲಿಟ್ಟುಕೊಂಡವಳು ಬಾಗಿಲಲ್ಲಿಯೇ ನಿಂತಳು. ‘ಆಯ್ತು ಅಂದ್ರೆ ಯಾವ ಆಯ್ತು? ಕೇಳ್ತಾ, ಮಾಡ್ತ್ಯಾ, ಮುಗೀತಾ?’

‘ಉಕ್ಕಿದರೆ ಇಳಿಸುತ್ತೇನೆ’ ಎಂದು ಪೂರ್ತಿ ವಾಕ್ಯ ಹೇಳಿದ ಮೇಲೆಯೇ ಅವಳು ಮೆಟ್ಟಿಲು ಇಳಿದದ್ದು.

ಸಾರು ಉಕ್ಕಿತು, ಆ ಮಾತು ಬೇರೆ.